ಊರಿಗೆ ಹೋಗುವ ಹಲ್ಲು

ನನ್ನ ಕ್ಲಿನಿಕ್ ಇರುವುದು ನೈರೋಬಿಯ ನ್ಗಾರಾದಲ್ಲಿ, ಪ್ಲಾಸ್ಟಿಕ್ ಬಕೆಟ್ಟು, ಸ್ಟೀಲ್ ಡಬ್ಬಿಗಳನ್ನು ಹೋಲ್‌ಸೇಲಾಗಿ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಕಿರಿದು, ಸ್ವಲ್ಪ ಕಡಿದು. ಹಲ್ಲುನೋವಿನವರು ದಡದಡನೆ ಹತ್ತಿಬಿಡುತ್ತಾರೆ. ನೋವಿಲ್ಲದೆ ಬರೀ ಕ್ಲೀನಿಂಗಿಗೆ ಬಂದವರು ಅರ್ಧ ಹತ್ತಿ, ಇವತ್ತು ಬೇಡ ಎಂದು ಇಳಿದುಹೋಗುವುದೂ ಉಂಟು. ಆ ಮುದುಕಿ ಮೊದಲ ಸಲ ಬಂದ ದಿನ ಮೆಟ್ಟಿಲಿನ ನಡುವೆ ನಿಂತು ಯಾರನ್ನೋ ಜೋರಾಗಿ ಬೈಯುತ್ತಿದ್ದರು. ಯಾರನ್ನಪ್ಪಾ ಎಂದು ಇಣುಕಿ ನೋಡಿದರೆ, ಮೆಟ್ಟಿಲನ್ನೇ.

ಎತ್ತರದ ಹೆಂಗಸು. ವಯಸ್ಸು ಎಪ್ಪತ್ತರ ಮೇಲೆ. ತಲೆಯಿಂದ ಮೊಣಕಾಲಿನವರೆಗೆ ಹಸಿರು ಬಟ್ಟೆಯ ಹೊದಿಕೆ, ಉಗುರಿಗೆ ಮದರಂಗಿ. ಹಿಂದೆ ಕೈಚೀಲ ಹಿಡಿದು, ಮುಖ ಗಂಟಿಕ್ಕಿಕೊಂಡ ಮಗಳು. ಈಸ್ಟ್‌ಲೀಯಿಂದ ಬಂದಿದ್ದರು. ನೈರೋಬಿಯ ಸೊಮಾಲಿಗಳೆಲ್ಲ ಸೇರಿ ಕಟ್ಟಿಕೊಂಡ ಬಟ್ಟೆಪೇಟೆ ಅದು.

"ಡಾಕ್ತಾರಿ, ನಿನ್ನ ಮೆಟ್ಟಿಲು ಹತ್ತಿ ನನ್ನ ಮಂಡಿ ಹೋಯ್ತು. ಮಂಡಿಯನ್ನೂ ನೀನೇ ರಿಪೇರಿ ಮಾಡ್ತೀಯಾ?"

"ಇಲ್ಲ ಮಾಮಾ, ನನ್ನದು ಬರೀ ಬಾಯಿ."

"ಹಾಗಾದ್ರೆ ನೋಡು," ಎಂದು ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ನೋಡಲು ಅಲ್ಲಿ ಏನೂ ಇರಲಿಲ್ಲ. ಮೇಲೂ ಕೆಳಗೂ ಒಂದು ಹಲ್ಲೂ ಉಳಿದಿರಲಿಲ್ಲ.

ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಸ್ವಾಹಿಲಿಯಲ್ಲಿ. ನಾನು ದಾವಣಗೆರೆಯಲ್ಲಿ ಹಲ್ಲಿನ ವೈದ್ಯ ಕಲಿತು, ಮೈಸೂರಿನವರನ್ನು ಮದುವೆಯಾಗಿ, ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿದರೂ ನನ್ನ ಸ್ವಾಹಿಲಿ ತರಕಾರಿ ಅಂಗಡಿ ಬಿಟ್ಟು ಮುಂದೆ ಹೋಗಿಲ್ಲ. ಅವರದೂ ಹಾಗೆಯೇ. ಇಲ್ಲಿ ಕನ್ನಡಕ್ಕೆ ತರುವಾಗ ಇಬ್ಬರ ತಪ್ಪನ್ನೂ ತಿದ್ದಿದ್ದೇನೆ, ನನ್ನದನ್ನು ಸ್ವಲ್ಪ ಹೆಚ್ಚಾಗಿಯೇ. ಇಲ್ಲಿ ವಯಸ್ಸಾದ ಹೆಂಗಸರನ್ನು ಮಾಮಾ ಎನ್ನುವುದು ರೂಢಿ. ಒಮ್ಮೆ ದಾವಣಗೆರೆಯಿಂದ ಅಮ್ಮ ಫೋನ್ ಮಾಡಿದಾಗ, "ಅಮ್ಮಾ, ಮಾಮಾ ಬಂದಿದಾರೆ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ. ಸಂಜೆಯವರೆಗೆ ಅಮ್ಮ ನಂಟರ ಮನೆಗಳಿಗೆಲ್ಲ ಫೋನ್ ಮಾಡಿ, ಹೇಳದೆ ಕೇಳದೆ ನೈರೋಬಿಗೆ ಹೋದ ಮಾವ ಯಾರು ಎಂದು ವಿಚಾರಿಸಿಬಿಟ್ಟಿದ್ದರು.

"ಹಲ್ಲು ಕಟ್ಟಿಸ್ಕೋಬೇಕು," ಎಂದರು ಮಾಮಾ. "ಊರಿಗೆ ಹೋಗ್ತಿದ್ದೀನಿ."

ಊರು ಎಂದರೆ ಸೊಮಾಲಿಯಾದ ದಕ್ಷಿಣದ ಒಂದು ಬಂದರು. ಅಂತರ್ಯುದ್ಧ ಶುರುವಾದಾಗ ಮಗಳ ಜೊತೆ ಅಲ್ಲಿಂದ ಹೊರಟವರು, ಗಡಿಯ ಹತ್ತಿರದ ಶಿಬಿರದಲ್ಲಿ ಕೆಲವು ವರ್ಷ, ಆಮೇಲೆ ಈಸ್ಟ್‌ಲೀ, ಹೀಗೆ ಮೂವತ್ತು ವರ್ಷ ಕಳೆದಿದ್ದರು. ಈಗ ಅಲ್ಲಿ ಸ್ವಲ್ಪ ಶಾಂತವಾಗಿದೆ, ಜನ ವಾಪಸ್ ಹೋಗುತ್ತಿದ್ದಾರೆ, ನಾನೂ ಹೋಗುತ್ತೇನೆ ಎಂಬುದು ಅವರ ಮಾತು.

"ಊರಲ್ಲಿ ನನ್ನ ನಾದಿನಿ ಇದ್ದಾಳೆ. ಗಂಡನ ತಂಗಿ. ಅವಳು ಎಲ್ಲೂ ಹೋಗ್ಲಿಲ್ಲ, ಅಲ್ಲೇ ಇದ್ಲು. ಅವಳಿಗೆ ಎಲ್ಲಾ ಹಲ್ಲೂ ಇದೆಯಂತೆ."

"ಅಂತ ಯಾರು ಹೇಳಿದ್ರು?"

"ಅವಳೇ," ಎಂದರು ಮಾಮಾ.

ಹೇಳಿದ್ದಷ್ಟೇ ಅಲ್ಲ, ಕೇಳಿಸಿದರು ಕೂಡ. ನಾದಿನಿ ವಾಟ್ಸಾಪಿನಲ್ಲಿ ದಿನವೂ ದನಿ ಕಳಿಸುತ್ತಿದ್ದರು. ಮಾಮಾ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಒತ್ತಿದರೆ, ಗಾಳಿಯ ಸದ್ದು, ಕೋಳಿ ಕೂಗು, ಅದರ ನಡುವೆ ಒಬ್ಬಾಕೆಯ ಗದರುವ ಸ್ವರ. ನನಗೆ ಸೊಮಾಲಿ ಬಾರದು. ಮಗಳು ಇಂಗ್ಲಿಷಿನಲ್ಲಿ ಚುಟುಕಾಗಿ ಹೇಳಿದಳು: "ಬಂದರೆ ಬಾ ಅಂತಿದಾರೆ." ದನಿ ಮಾತ್ರ ಇನ್ನೂ ಬಹಳ ಹೊತ್ತು ನಡೆದೇ ಇತ್ತು. ಮಗಳ ಅನುವಾದ ಯಾವಾಗಲೂ ಹೀಗೆ. ಹತ್ತು ಮಾತಿಗೆ ಒಂದು, ಅದೂ ತನಗೆ ಬೇಕಾದದ್ದು.

ಉಳಿದದ್ದನ್ನು ಮಾಮಾ ತಾವೇ ಸ್ವಾಹಿಲಿಯಲ್ಲಿ ಹೇಳಿದರು. "ನಿನ್ನನ್ನ ಇಲ್ಲಿ ಯಾರೂ ಗುರುತು ಹಿಡಿಯಲ್ಲ ಅಂತಾಳೆ. ಬಂದ್ರೆ ಅತಿಥಿ ಥರ ಬರ್ತೀಯ ಅಂತಾಳೆ. ನನ್ನ ಮನೆಗೆ ನಾನು ಅತಿಥಿ!"

ಅಳತೆ ತೆಗೆದೆ. ಬಾಯಿಗೆ ಗುಲಾಬಿ ಬಣ್ಣದ ಹಿಟ್ಟನ್ನು ತುಂಬಿ ಅದು ಗಟ್ಟಿಯಾಗುವವರೆಗೆ ಸುಮ್ಮನಿರಬೇಕು. ಮಾಮಾ ಆ ಹಿಟ್ಟಿನ ಒಳಗಿಂದಲೂ ಮಾತಾಡಿದರು. ಎರಡು ಸಲ ಅಳತೆ ಕೆಟ್ಟಿತು. ಮೂರನೆಯ ಸಲ ಮಗಳು ಅವರ ಎರಡೂ ಕೈ ಹಿಡಿದುಕೊಂಡಳು. ಕೈ ಆಡದಿದ್ದರೆ ಅಮ್ಮನಿಗೆ ಮಾತು ಬರುವುದಿಲ್ಲ ಎಂದಳು. ನಿಜವೇ ಆಯಿತು.

ಕೊನೆಗೆ ಹೊರಡುವಾಗ ಮಾಮಾ ತಮ್ಮ ಬರಿ ವಸಡಿನ ನಡುವೆ ಕಿರುಬೆರಳಿಟ್ಟು ಹೇಳಿದರು: "ಇಲ್ಲಿ ಸಂದಿ ಬಿಡಬೇಕು."

ಮುಂದಿನ ಎರಡು ಮೇಲ್ಹಲ್ಲುಗಳ ನಡುವಿನ ಸಂದಿ. ಸೊಮಾಲಿಯಲ್ಲಿ ಅದಕ್ಕೆ ಫನಹ್ ಎಂದು ಬೇರೆಯೇ ಒಂದು ಹೆಸರಿದೆ, ಹೆಣ್ಣಿಗೆ ಅದು ಚೆಲುವಂತೆ. ಓದಿದಷ್ಟು ವರ್ಷವೂ ಸಂದಿ ಕಂಡರೆ ಮುಚ್ಚು ಎಂದು ಕಲಿತವಳು ನಾನು. ಇದ್ದ ಸಂದಿಯನ್ನು ಮುಚ್ಚಿಸಿಕೊಳ್ಳಲು ಬರುವವರನ್ನು ಕಂಡಿದ್ದೆ, ಇಲ್ಲದ ಸಂದಿ ಬೇಕೆಂದು ಕೇಳಿದವರು ಇವರೇ ಮೊದಲು.

"ಮಾಮಾ, ಹೊಸ ಹಲ್ಲು. ಸಾಲಾಗಿ ಚೆನ್ನಾಗಿ ಕೂರಿಸ್ತೀನಿ."

"ಚೆನ್ನಾಗಿ ಕೂರಿಸಿದ್ರೆ ನನ್ನ ಯಾರು ಗುರುತು ಹಿಡೀತಾರೆ? ಮುಖ ಸುಕ್ಕಾಗಿದೆ, ಸೊಂಟ ಬಾಗಿದೆ. ಬಾಯಿ ತೆರೆದಾಗ್ಲಾದ್ರೂ ಅವಳಿಗೆ ಗೊತ್ತಾಗ್ಬೇಡ್ವಾ?"

ನಾನು ಸವಾ ಎಂದೆ. ಆಗಲಿ ಎನ್ನುವುದಕ್ಕೆ ಇಲ್ಲಿ ಅಷ್ಟೇ ಸಾಕು.

ಎರಡು ದಿನ ಬಿಟ್ಟು ಮಗಳು ಒಬ್ಬಳೇ ಬಂದಳು. ನಲವತ್ತು ದಾಟಿದವಳು, ಈಸ್ಟ್‌ಲೀಯ ಒಂದು ಮಾಲಿನಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದಾಳೆ. ಕೀನ್ಯಾದವನನ್ನೇ ಮದುವೆಯಾದದ್ದರಿಂದ ಕಾಗದಪತ್ರದ ತೊಂದರೆ ಅವಳಿಗೂ ಇಲ್ಲ, ತಾಯಿಗೂ ಅಷ್ಟಾಗಿ ಇಲ್ಲ. ರೋಗಿಗಳು ಕೂರುವ ಬೆಂಚಿನ ತುದಿಯಲ್ಲಿ ಕೂತು, ಚೀಲದ ಜಿಪ್ಪನ್ನು ತೆಗೆಯುತ್ತ ಹಾಕುತ್ತ, "ಡಾಕ್ಟರ್, ಒಂದು ಸಹಾಯ. ಹಲ್ಲು ಸ್ವಲ್ಪ ತಡ ಮಾಡ್ತೀರಾ?" ಎಂದಳು.

"ಯಾಕಮ್ಮ?"

"ಹಲ್ಲು ಆದ ಮೇಲೆ ಹೋಗ್ತೀನಿ ಅಂತ ಹೇಳಿದಾಳೆ. ಹಲ್ಲು ಆಗ್ದೇ ಇದ್ರೆ ಹೋಗಲ್ಲ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಊರು ಬಿಟ್ಟಾಗ ಅವಳಿಗೆ ಹತ್ತು ವರ್ಷವಿರಬಹುದು. ಅಪ್ಪ ಬಂದರಿನ ಕಚೇರಿಯಲ್ಲಿ ಗುಮಾಸ್ತ. ಗುಂಡಿನ ಸದ್ದು ಹತ್ತಿರವಾದಾಗ ಮೂವರೂ ಲಾರಿ ನಿಲ್ಲುವ ಜಾಗಕ್ಕೆ ಬಂದಿದ್ದರು. ಲಾರಿ ಇನ್ನೂ ತುಂಬಿರಲಿಲ್ಲ. ಅಪ್ಪನಿಗೆ ಇದ್ದಕ್ಕಿದ್ದಂತೆ, ಹಿಂದಿನ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂತು. ಈಗ ಬಂದೆ ಎಂದು ಹೋದರು. ಲಾರಿ ತುಂಬಿತು. ಡ್ರೈವರು ಕಾಯಲಿಲ್ಲ. ಅಪ್ಪ ಸತ್ತದ್ದು ತಿಳಿದದ್ದು ಶಿಬಿರಕ್ಕೆ ಬಂದ ಎಷ್ಟೋ ದಿನಗಳ ಮೇಲೆ, ಬೇರೆ ಯಾರದೋ ಬಾಯಿಂದ.

"ಅಮ್ಮ ಊರಿನ ವಿಷಯ ಹೇಳಿದ್ರೆ ಬರೀ ಸಮುದ್ರ, ಮೀನು, ಮಾವಿನಹಣ್ಣು," ಎಂದಳು. "ನನಗೆ ಅದ್ಯಾವುದೂ ನೆನಪಿಲ್ಲ ಡಾಕ್ಟರ್. ಆ ಲಾರಿ ನೆನಪಿದೆ."

ಚಹಾ ತರಿಸಿದೆ. ತಡ ಮಾಡುತ್ತೇನೆ ಎನ್ನಲಿಲ್ಲ, ಮಾಡುವುದಿಲ್ಲ ಎಂದೂ ಬಾಯಿಬಿಟ್ಟು ಹೇಳಲಾಗಲಿಲ್ಲ. ನಾನು ತಲೆ ಅಲ್ಲಾಡಿಸಿದ್ದನ್ನು ಅವಳು ತನಗೆ ಬೇಕಾದಂತೆ ತೆಗೆದುಕೊಂಡು ಎದ್ದುಹೋದಳು.

ಮೇಣದ ಮೇಲೆ ಕೂರಿಸಿದ ಹಲ್ಲು ಲ್ಯಾಬಿನಿಂದ ಬಂತು. ಅದನ್ನು ಒಮ್ಮೆ ಬಾಯಲ್ಲಿಟ್ಟು ನೋಡಿ, ಸರಿಯಿದ್ದರೆ ಆಮೇಲೆ ಗಟ್ಟಿ ಮಾಡಿಸುವುದು. ಮಾಮಾ ಬಂದರು, ಮೆಟ್ಟಿಲಿಗೆ ಬೈದರು, ಕೂತರು. ನಾನು ಹಲ್ಲನ್ನು ಕೂರಿಸಿ ಕನ್ನಡಿ ಕೊಟ್ಟೆ.

ಮಾಮಾ ಬಹಳ ಹೊತ್ತು ಕನ್ನಡಿಯನ್ನೇ ನೋಡಿದರು. "ಯಾರು ಇವಳು?" ಎಂದರು.

ನಾನೂ ಬಗ್ಗಿ ನೋಡಿದೆ. ಸಂದಿ ಇರಲಿಲ್ಲ. ಮುತ್ತು ಪೋಣಿಸಿದ ಹಾಗೆ ಸಾಲು. ಲ್ಯಾಬಿನವನಿಗೆ ಫೋನ್ ಮಾಡಿದರೆ, "ಡಾಕ್ತಾರಿ, ನೀವು ಸಂದಿ ಅಂತ ಬರೆದಿದ್ದು ನೋಡಿದೆ. ಇಷ್ಟು ವರ್ಷ ಮುಚ್ಚು ಮುಚ್ಚು ಅಂತ ಬರೆದವರು ಈಗ ಬಿಡು ಅಂತೀರಲ್ಲ, ಕೈತಪ್ಪಾಗಿರ್ಬೇಕು ಅಂತ ನಾನೇ ಮುಚ್ಚಿದೆ," ಎಂದ. ಪೋಲೆ ಸಾನಾ, ತುಂಬಾ ಸಾರಿ, ಎಂದೂ ಸೇರಿಸಿದ. ಆದರೆ ಹೊಸದಾಗಿ ಕೂರಿಸಲು ಎರಡು ವಾರ ಬೇಕು, ಕೆಲಸ ತುಂಬಿದೆ ಎಂದ.

ಮಾಮಾ ಮುಖ ಊದಿಸಿಕೊಂಡು ಹೋದರು. ಮಾರನೆಯ ದಿನ ಕ್ಲಿನಿಕ್ಕಿಗೆ ಒಂದು ದೊಡ್ಡ ಡಬ್ಬಿ ಹಲ್ವಾ, ಒಂದು ಕ್ಯಾನು ಒಂಟೆ ಹಾಲು ಬಂತು. ಕಳಿಸಿದ್ದು ಮಗಳು. "ಡಾಕ್ಟರ್, ನಿಮ್ಮ ಉಪಕಾರ ಮರೆಯಲ್ಲ. ಎಷ್ಟು ನಾಜೂಕಾಗಿ ತಡ ಮಾಡಿದ್ರಿ!" ಎಂದು ಮೆಸೇಜು. ನಾನು ಬೇಕೆಂದು ಮಾಡಿದ್ದಲ್ಲ ಎಂದು ಉತ್ತರಿಸಿದೆ. "ಗೊತ್ತು, ಗೊತ್ತು," ಎಂದು ಕಣ್ಣು ಹೊಡೆಯುವ ಬೊಂಬೆ ಕಳಿಸಿದಳು. ಹಲ್ವಾ ಏಲಕ್ಕಿ ಹಾಕಿ ಬಹಳ ಚೆನ್ನಾಗಿತ್ತು. ವಾಪಸ್ ಕಳಿಸಬೇಕು ಎಂದುಕೊಳ್ಳುವಷ್ಟರಲ್ಲಿ ಮನೆಯಲ್ಲಿ ಅರ್ಧ ಖಾಲಿಯಾಗಿತ್ತು.

ಖಾಲಿ ಮಾಡಿದ್ದು ನನ್ನ ಗಂಡ. ಅವರ ಕೆಲಸ ರಿವರ್‌ಸೈಡಿನ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ. ಯುದ್ಧದಿಂದ ಊರು ಬಿಟ್ಟವರು ಮರಳಿ ಹೋಗುವುದು ಹೇಗೆ, ಯಾವಾಗ, ಎಲ್ಲಿಗೆ, ಇದೇ ಅವರ ವಿಷಯ. ಮರಳುವಿಕೆ ಸ್ವಂತ ಇಚ್ಛೆಯಿಂದ ಆಗಬೇಕು, ಸುರಕ್ಷಿತವಾಗಿರಬೇಕು, ಗೌರವದಿಂದ ಕೂಡಿರಬೇಕು, ಈ ಮೂರನ್ನು ಅವರು ನಿದ್ದೆಯಲ್ಲೂ ಹೇಳಬಲ್ಲರು. ಸ್ವತಃ ಅವರು ಮಾತ್ರ ಮೈಸೂರಿಗೆ ಮರಳುವ ಮಾತು ಬಂದಾಗಲೆಲ್ಲ, "ಇನ್ನೊಂದು ಪ್ರಾಜೆಕ್ಟ್ ಮುಗೀಲಿ ಕಣೇ" ಎನ್ನುತ್ತ ಬಂದಿದ್ದಾರೆ.

ಕಿಲಿಮಾನಿಯ ನಮ್ಮ ಫ್ಲಾಟಿನಲ್ಲಿ ಊಟ ಮಾಡುತ್ತ ಅವರಿಗೆ ಮಾಮಾನ ವಿಷಯ ಹೇಳಿದೆ.

"ಒಂದೇ ಸಲ ಹೋಗೋದು ರಿಸ್ಕ್. ಮೊದ್ಲು ಹೋಗಿ ನೋಡಿ ಬರ್ಬೇಕು. ನಮ್ಮಲ್ಲಿ ಅದಕ್ಕೆ ಪ್ರೊಸೀಜರ್ರೇ ಇದೆ. ನೀರಿದ್ಯಾ, ಮನೆ ಇದ್ಯಾ, ಅಕ್ಕಪಕ್ಕದವರು ಹೇಗಿದಾರೆ, ಎಲ್ಲಾ ನೋಡ್ಕೊಂಡು ವಾಪಸ್ ಬಂದು, ಆಮೇಲೆ ಡಿಸೈಡ್ ಮಾಡೋದು."

"ಹೆಣ್ಣು ನೋಡೋ ಶಾಸ್ತ್ರದ ಥರ ಅನ್ನಿ."

"ಸೀರಿಯಸ್ಸಾಗಿ ಹೇಳ್ತಿದೀನಿ."

"ನಾನೂ ಸೀರಿಯಸ್ಸೇ. ನೀವು ನನ್ನ ನೋಡೋಕೆ ಬಂದಾಗ ನೀರಿದ್ಯಾ ಅಂತ ಕೇಳಿದ್ರಿ, ನೆನಪಿದ್ಯಾ?"

ಕಾವೇರಿ ನೀರು ಕುಡಿದವರಿಗೆ ದಾವಣಗೆರೆಯ ನಲ್ಲಿಯ ಮೇಲೆ ಅನುಮಾನ. ನಮ್ಮ ಮಗಳು ತಟ್ಟೆಯಿಂದ ತಲೆ ಎತ್ತದೆ "ದಟ್ಸ್ ಸೋ ಎಂಬರಾಸಿಂಗ್, ಅಪ್ಪ," ಎಂದಳು. ಕನ್ನಡ ಎಲ್ಲಾ ಅರ್ಥವಾಗುತ್ತದೆ ಅವಳಿಗೆ, ಮುಖ್ಯವಾಗಿ ಅರ್ಥವಾಗಬಾರದ್ದು.

ಸಂದಿ ಬಿಟ್ಟ ಹಲ್ಲು ಸಿದ್ಧವಾದದ್ದು ಒಂದು ಶನಿವಾರ. ಮಧ್ಯಾಹ್ನ ನನ್ನನ್ನು ಕರೆದೊಯ್ಯಲು ಗಂಡ ಬಂದಿದ್ದರು. ಮಾಮಾನಿಗೆ ಅವರ ಪರಿಚಯ ಮಾಡಿಸಿದೆ, ಊರಿಗೆ ಹೋಗುವವರ ಕೆಲಸವೇ ಇವರದು, ಏನಾದರೂ ಕೇಳಬೇಕಿದ್ದರೆ ಕೇಳಿ ಎಂದೆ. ಇವರು ಗಂಟಲು ಸರಿಮಾಡಿಕೊಂಡು, ಅಲ್ಲಿಯ ನೀರಿನ ಸ್ಥಿತಿ, ಆಸ್ಪತ್ರೆಯ ಸ್ಥಿತಿ, ಊರಾಚೆಯ ದಾರಿಗಳಲ್ಲಿ ಇನ್ನೂ ಇರುವ ಅಪಾಯ, ಹೋಗಿ ನೋಡಿ ಬರುವುದರ ಲಾಭ ಎಲ್ಲವನ್ನೂ ನಿಧಾನವಾಗಿ, ಒಳ್ಳೆಯ ಸ್ವಾಹಿಲಿಯಲ್ಲಿ ಹೇಳಿದರು. ಮಾಮಾ ಬಹಳ ಗಮನವಿಟ್ಟು ಅವರ ಮುಖವನ್ನೇ ನೋಡುತ್ತಿದ್ದರು. ಇವರ ಉತ್ಸಾಹ ಏರುತ್ತಾ ಹೋಯಿತು. ಎಲ್ಲ ಮುಗಿದ ಮೇಲೆ ಮಾಮಾ ನನ್ನ ಕಡೆ ತಿರುಗಿದರು.

"ಡಾಕ್ತಾರಿ, ನಿನ್ನ ಗಂಡ ಎಷ್ಟು ಚೆಲುವ! ಸಂದಿ ನೋಡು, ಎಷ್ಟು ಅಗಲ!"

ನನ್ನ ಗಂಡನ ಮುಂದಿನ ಹಲ್ಲುಗಳ ನಡುವೆ ಒಂದು ಅಕ್ಕಿಕಾಳು ಹೋಗುವಷ್ಟು ಜಾಗ ಇದೆ. ಮದುವೆಯಾದ ವರ್ಷದಿಂದ ಮುಚ್ಚಿಸಿಕೊಳ್ಳಿ ಎನ್ನುತ್ತಿದ್ದೇನೆ. ಹಲ್ಲಿನ ಡಾಕ್ಟರ ಗಂಡನೇ ಹೀಗಿದ್ದರೆ ನನ್ನ ಬಳಿ ಯಾರು ಬರುತ್ತಾರೆ ಎಂದು ಜಗಳವನ್ನೂ ಆಡಿದ್ದೇನೆ. ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವರು ಕಾರಿನ ಕನ್ನಡಿಯಲ್ಲಿ ಹಲ್ಲು ನೋಡಿಕೊಳ್ಳುತ್ತಿದ್ದರು. ಮುಂದಿದ್ದ ಮಟಾಟು ವ್ಯಾನಿಗೆ ಎರಡು ಸಲ ಗುದ್ದುವುದರಲ್ಲಿದ್ದರು. ಸಂದಿ ಮುಚ್ಚಿಸುವ ವಿಷಯವನ್ನು ನಾನು ಆಮೇಲೆ ಎತ್ತಿಲ್ಲ, ಎತ್ತುವ ಹಕ್ಕೂ ಉಳಿದಿಲ್ಲ.

ಮಾಮಾ ಅಂದು ಕನ್ನಡಿ ನೋಡಿಕೊಂಡದ್ದನ್ನು ನಾನು ಹೇಳಲೇ ಇಲ್ಲ. ಈ ಸಲ ಯಾರು ಇವಳು ಎನ್ನಲಿಲ್ಲ. ಕನ್ನಡಿಯನ್ನು ಮಡಿಲಲ್ಲಿ ಕವುಚಿಟ್ಟು, ಹೊದಿಕೆಯ ಸೆರಗಿನಿಂದ ಮೂಗು ಒರೆಸಿಕೊಂಡು, "ಇವಳನ್ನ ನೋಡಿ ಬಹಳ ದಿನ ಆಗಿತ್ತು," ಎಂದರು. ಮಗಳು ಕಿಟಕಿಯಾಚೆ ನೋಡುತ್ತ ನಿಂತಿದ್ದಳು. ಕೆಳಗಿನ ಅಂಗಡಿಯವರು ಲಾರಿಗೆ ಬಕೆಟ್ಟುಗಳನ್ನು ಒಂದರೊಳಗೊಂದು ಸೇರಿಸಿ ತುಂಬುತ್ತಿದ್ದರು.

"ಹೊಸ ಹಲ್ಲು ಮೊದಮೊದಲು ಒತ್ತುತ್ತೆ ಮಾಮಾ. ಮಾಂಸ ತಿನ್ನಬೇಡಿ. ಕೆಲವು ವಾರ ಬಿಟ್ಟು ಮತ್ತೆ ಬಂದು ತೋರಿಸಲೇಬೇಕು, ಉಜ್ಜಿ ಸರಿಮಾಡ್ಬೇಕಾಗುತ್ತೆ."

ಮಗಳು ಥಟ್ಟನೆ ತಿರುಗಿದಳು. ಆ ಮುಖದಲ್ಲಿ ಕೃತಜ್ಞತೆ ಉಕ್ಕಿಬಂತು. ಇದೂ ಅವಳಿಗಾಗಿ ನಾನು ಹೂಡಿದ ಉಪಾಯ ಎಂದುಕೊಂಡಳು. ಎಲ್ಲ ಕಟ್ಟುಹಲ್ಲಿಗೂ ಹೇಳುವ ಮಾತು ಇದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸಂಜೆ ಇನ್ನೊಂದು ಡಬ್ಬಿ ಹಲ್ವಾ ಬಂತು.

ಮಾಮಾನಿಗೂ ಅನುಮಾನ. "ಅಂದ್ರೆ ನಾನು ವಾಪಸ್ ಬರ್ಬೇಕಾ?"

"ಬರ್ಬೇಕು. ಇಲ್ಲಾಂದ್ರೆ ಹುಣ್ಣಾಗುತ್ತೆ."

"ನಿನ್ನ ಗಂಡನೂ ಹೋಗಿ ಬಾ ಅಂತಾನೆ, ನೀನೂ ಹೋಗಿ ಬಾ ಅಂತೀಯ. ಇಬ್ಬರೂ ಸೇರಿ ಮಾತಾಡ್ಕೊಂಡಿದ್ದೀರಿ," ಎಂದರು. ಆದರೂ ಒಪ್ಪಿದರು. ಜೊತೆಗೆ ಮಗಳೂ ಹೊರಟಳು. ತಾಯಿಯೊಬ್ಬಳನ್ನೇ ಕಳಿಸುವ ಧೈರ್ಯ ಅವಳಿಗಿರಲಿಲ್ಲ, ತಡೆಯುವ ಉಪಾಯವೂ ಮುಗಿದಿತ್ತು.

ತಿಂಗಳ ಮೇಲಾದ ಮೇಲೆ ಮೆಟ್ಟಿಲಿನಲ್ಲಿ ಪರಿಚಿತ ಬೈಗುಳ ಕೇಳಿಸಿತು. ಜೊತೆಗೆ ಇನ್ನೊಂದು ಸ್ವರ. ಫೋನಿನಲ್ಲಿ ಕೇಳಿದ್ದ ಅದೇ ಗದರುವ ಸ್ವರ. ಮಾಮಾ ಒಂದು ಕೈಯಿಂದ ಕಂಬಿ, ಇನ್ನೊಂದು ಕೈಯಿಂದ ಒಬ್ಬ ಗಿಡ್ಡ ಮುದುಕಿಯ ತೋಳು ಹಿಡಿದು ಹತ್ತುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ನಾದಿನಿಗೆ ಮೆಟ್ಟಿಲು ಕಾಣುತ್ತಿರಲಿಲ್ಲ. ಕಾಣದ ಮೆಟ್ಟಿಲಿಗೂ ಬೈಯುತ್ತಿದ್ದರು.

ಕಣ್ಣಿನ ಆಪರೇಷನ್‌ಗೆ ಕರೆದುಕೊಂಡು ಬಂದಿದ್ದು ಎಂದಳು ಮಗಳು. ಹೇಗಾಯಿತು ಎಂದು ಕೇಳಿದೆ. ಅವರಿಬ್ಬರೂ ಬೆಂಚಿನ ಮೇಲೆ ಕೂತು ತಮ್ಮಲ್ಲೇ ಯಾವುದೋ ವಾದ ಹೂಡಿದ್ದರು. ಮಗಳು ನಡೆದದ್ದನ್ನು ಹೇಳಿದಳು.

ವಿಮಾನ ಇಳಿದಾಗಿನಿಂದ ಮನೆಯವರೆಗೂ ಮಾಮಾ ಬಾಯಿ ಮುಚ್ಚಲೇ ಇಲ್ಲವಂತೆ. ಸಿಕ್ಕವರಿಗೆಲ್ಲ ನಗು, ಸಂದಿ ಕಾಣುವ ಹಾಗೆ. ದಾರಿಯಲ್ಲಿ ಯಾರೂ ಗುರುತಿನವರಿಲ್ಲ. ನಗುವ ಮುದುಕಿಯನ್ನು ಕಂಡು ಅವರೂ ನಕ್ಕು ಮುಂದೆ ಹೋದರು. ಬಾಗಿಲಲ್ಲಿ ನಾದಿನಿ ನಿಂತಿದ್ದರು. ಮೂವತ್ತು ವರ್ಷದಿಂದ ಮಾಮಾ ಹೇಳಬೇಕೆಂದು ಕೂಡಿಟ್ಟುಕೊಂಡ ಮಾತುಗಳಿದ್ದವು, ಹೊರಡುವ ಹಿಂದಿನ ದಿನ ಗಟ್ಟಿಯಾಗಿ ಹೇಳಿ ಅಭ್ಯಾಸವನ್ನೂ ಮಾಡಿಕೊಂಡಿದ್ದರಂತೆ. ನಾದಿನಿ ಹೆಜ್ಜೆ ಸಪ್ಪಳ ಕೇಳಿ ತಲೆ ಎತ್ತಿ, "ಇಷ್ಟು ತಡ ಯಾಕೆ ಮಾಡಿದೆ? ಅನ್ನ ಆರಿಹೋಯ್ತು," ಎಂದರು. ಪೇಟೆಗೆ ಹೋಗಿ ಬಂದವಳಿಗೆ ಹೇಳುವ ಹಾಗೆ. ಮಾಮಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ಊಟಕ್ಕೆ ಕೂತರು.

"ಸಂದಿ ನೋಡಿದ್ರಾ?" ಎಂದೆ.

"ಅತ್ತೆಗೆ ಅಮ್ಮನ ಮುಖವೇ ಕಾಣ್ಸಲ್ಲ ಡಾಕ್ಟರ್. ನೆರಳು ಕಾಣ್ಸುತ್ತೆ ಅಷ್ಟೇ. ನಮ್ಗೆ ಹೇಳೇ ಇರ್ಲಿಲ್ಲ. ಹಲ್ಲೂ ಅಷ್ಟೇ. ಎಲ್ಲಾ ಇದೆ ಅಂತಿದ್ರಲ್ಲ, ಇರೋದು ಎರಡು."

ಊಟದ ನಡುವೆ ಮಾಮಾನ ವಸಡು ಉರಿಯತೊಡಗಿತು. ಆಡಿನ ಮಾಂಸ ಬೇಡ ಎಂದಿದ್ದೆ, ಅದನ್ನೇ ಮೊದಲು ತಿಂದಿದ್ದರು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಹಲ್ಲು ತೆಗೆದು ಬಂದು ಕೂತರೆ, ಮಾತು ಕೇಳಿದ ಕೂಡಲೇ ನಾದಿನಿ, "ಹಲ್ಲು ಕಟ್ಟಿಸ್ಕೊಂಡು ಬಂದಿದ್ದೆಯಾ? ಅದಕ್ಕೇ ಇಷ್ಟು ಹೊತ್ತು ಯಾವಳೋ ಮಾತಾಡಿದ ಹಾಗಿತ್ತು. ಈಗ ಸರಿ," ಎಂದರಂತೆ.

ಮನೆ ಅರ್ಧ ಬಿದ್ದಿತ್ತು. ಎರಡು ಕೋಣೆಗೆ ಚಾವಣಿ ಇತ್ತು, ಉಳಿದದ್ದಕ್ಕೆ ಆಕಾಶ. ಬಾವಿಯ ನೀರು ಉಪ್ಪಾಗಿತ್ತು. ಅಂಗಳದಲ್ಲಿ ಕೋಲು, ಗೋಣಿ, ಹರಕು ಟಾರ್ಪಾಲಿನಿಂದ ಕಟ್ಟಿದ ಗುಡಿಸಲು. ಒಳನಾಡಿನ ಹಳ್ಳಿಯಿಂದ ಕಾಳಗಕ್ಕೆ ಹೆದರಿ ಓಡಿಬಂದ ಹೆಂಗಸೊಬ್ಬಳು ಮಕ್ಕಳ ಜೊತೆ ವರ್ಷಗಳಿಂದ ಅಲ್ಲಿದ್ದಳು. ಅವರನ್ನು ಎಬ್ಬಿಸಬೇಕು, ಅದು ನನ್ನ ಅಡುಗೆಮನೆಯ ಜಾಗ ಎಂದು ಮಾಮಾ ಮೊದಲ ಎರಡು ದಿನ ಹೇಳಿದರು. ಮೂರನೆಯ ದಿನ ಆ ಹೆಂಗಸನ್ನು ಕರೆದು, ನಿನ್ನ ಊರು ಯಾವುದು, ಯಾವಾಗ ವಾಪಸ್ ಹೋಗುತ್ತೀ ಎಂದು ಗಡುಸಾಗಿ ಕೇಳಿದರು. ಇನ್ಷಾಲ್ಲಾ ಮುಂದಿನ ಮಳೆಗೆ ಎಂದಳು ಅವಳು.

ಅಷ್ಟರಲ್ಲಿ ಮಾಮಾ ಬೆಂಚಿನಿಂದಲೇ ಮಾತು ಕಿತ್ತುಕೊಂಡರು. "ಮುಂದಿನ ಮಳೆಗೆ! ಶಿಬಿರದಲ್ಲಿ ನಾನೂ ಹಾಗೇ ಹೇಳ್ತಿದ್ದೆ ಡಾಕ್ತಾರಿ. ಎಷ್ಟು ಮಳೆ ಹೋಯ್ತು ಗೊತ್ತಾ? ಅವಳನ್ನ ಓಡಿಸಿದ್ರೆ ಎಲ್ಲಿಗೆ ಬರ್ತಾಳೆ? ಈಸ್ಟ್‌ಲೀಗೇ. ಇಲ್ಲಿ ಆಗ್ಲೇ ಜಾಗ ಇಲ್ಲ. ಅಡುಗೆಮನೆ ಆ ಕಡೆ ಕಟ್ಕೋತೀನಿ."

ಇನ್ನೊಂದು ಸಂಗತಿಯನ್ನು ಮಗಳು ದನಿ ತಗ್ಗಿಸಿ ಹೇಳಿದಳು. ಮನೆಯ ಹಿಂದೆ ಒಂದು ಬೇವಿನ ಮರ ಇದೆ. ಅಲ್ಲಿಯವರು ಅದನ್ನು ಹಿಂದಿ ಮರ ಎನ್ನುತ್ತಾರಂತೆ, ನಿಮ್ಮ ಕಡೆಯಿಂದ ಬಂದದ್ದಲ್ಲವೇ ಎಂದಳು. ಅದರ ಕೆಳಗೆ ಅಪ್ಪನ ಗೋರಿ. ಮಣ್ಣು ಮಾಡಿದ್ದು ನಾದಿನಿ, ಆ ಊರಿನಲ್ಲಿ ಗುಂಡು ಹಾರುತ್ತಿದ್ದ ದಿನ, ಪಕ್ಕದ ಮನೆಯ ಇಬ್ಬರು ಮುದುಕರ ಸಹಾಯದಿಂದ. ಮೂವತ್ತು ವರ್ಷವೂ ಅವರು ಊರು ಬಿಡದೆ ಇದ್ದದ್ದು ಅದಕ್ಕೇ. ಅಣ್ಣನನ್ನು ಬಿಟ್ಟು ಹೇಗೆ ಬರಲಿ ಎಂದು ಯಾರಿಗೂ ಹೇಳಿರಲಿಲ್ಲ. ಬೇರೆಯವರ ಹತ್ತಿರ, ನನ್ನ ಅತ್ತಿಗೆಗೆ ಓಡುವುದು ಬರುತ್ತೆ, ನನಗೆ ಬರಲ್ಲ ಎನ್ನುತ್ತಿದ್ದರಂತೆ. ಗೋರಿಯ ಸುತ್ತ ಸುಣ್ಣ ಬಳಿದ ಕಲ್ಲಿನ ಸಾಲು, ಕಣ್ಣು ಕಾಣದಿದ್ದರೂ ಪ್ರತಿ ವರ್ಷ ಬಳಿಯುತ್ತಿದ್ದರು.

"ಅಮ್ಮ ಅಲ್ಲಿ ಕೂತು ಏನಾದ್ರೂ ಹೇಳ್ತಾಳೆ ಅಂದ್ಕೊಂಡೆ," ಎಂದಳು. "ಅತ್ತೆ ಕೈ ಹಿಡ್ಕೊಂಡು ಕೂತಿದ್ಲು. ಆಮೇಲೆ ಎದ್ದು, ಕಲ್ಲು ಸೊಟ್ಟ ಇಟ್ಟಿದ್ದೀಯ ಅಂದ್ಲು. ಅದಕ್ಕೆ ಜಗಳ ಶುರುವಾಯ್ತು, ಇನ್ನೂ ಮುಗಿದಿಲ್ಲ."

ಬೆಂಚಿನ ಮೇಲೆ ನಡೆಯುತ್ತಿದ್ದುದು ಅದೇ ಜಗಳ.

ಮಾಮಾನ ವಸಡಿನ ಹುಣ್ಣು ನೋಡಿ ಹಲ್ಲನ್ನು ಉಜ್ಜಿ ಸರಿಮಾಡಿದೆ. ನಾದಿನಿಯ ಕಣ್ಣಿನ ಪೊರೆ ಒಂದೊಂದಾಗಿ ತೆಗೆದರು. ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ಮರುದಿನ ಅವರೇ ಹಟ ಮಾಡಿ ನನ್ನ ಹತ್ತಿರ ಬಂದರು. ಅವರಿಗೂ ಹಲ್ಲು ಬೇಕಿತ್ತು. ಸಂದಿ ಬಿಡಲೇ ಎಂದೆ. ಅತ್ತಿಗೆಯ ಕಡೆ, ಈಗ ಚೆನ್ನಾಗಿ ಕಾಣುತ್ತಿದ್ದ ಕಣ್ಣಿನಿಂದ, ಒಮ್ಮೆ ನೋಡಿ, ಏನೋ ಹೇಳಿದರು. ಮಗಳು ನಗುತ್ತಾ ಪೂರ್ತಿ ಅನುವಾದಿಸಿದಳು, ಮೊದಲ ಬಾರಿಗೆ. "ಬೇಡವಂತೆ. ಇಬ್ಬರನ್ನೂ ಒಂದೇ ಅಂದ್ಕೊಂಡುಬಿಡ್ತಾರಂತೆ. ಮನೆಯಲ್ಲಿ ಒಬ್ಬಳಾದ್ರೂ ಮರ್ಯಾದಸ್ಥೆ ಇರ್ಬೇಕಂತೆ."

ಲ್ಯಾಬಿನವನಿಗೆ ಫೋನ್ ಮಾಡಿ, ಈ ಸಲ ಸಂದಿ ಬೇಡ ಎಂದು ಎರಡೆರಡು ಸಲ ಹೇಳಿದೆ. "ಡಾಕ್ತಾರಿ, ಯೋಚನೆ ಮಾಡಿ ಒಂದೇ ಸಲ ಹೇಳಿ," ಎಂದ ಪಾಪ.

ಇಬ್ಬರೂ ಕೆಲವು ತಿಂಗಳು ಈಸ್ಟ್‌ಲೀಯ ಫ್ಲಾಟಿನಲ್ಲಿದ್ದು, ಮಗಳ ಅಡುಗೆಗೆ, ಅಳಿಯನ ನಡಿಗೆಗೆ, ಲಿಫ್ಟಿಗೆ, ನೈರೋಬಿಯ ಚಳಿಗೆ ಒಮ್ಮತದಿಂದ ಹೆಸರಿಟ್ಟು, ಒಟ್ಟಿಗೇ ಊರಿಗೆ ಹೊರಟರು. ಹೊರಡುವ ಮುಂಚೆ ನನ್ನ ಗಂಡ ಮಾಮಾನ ಹತ್ತಿರ ಕೂತು, ಇದು ನಿಮ್ಮ ಸ್ವಂತ ಇಚ್ಛೆಯೇ ಎಂದು ಕೇಳಿದರು. ಅಭ್ಯಾಸಬಲ. ಮಾಮಾ ನಾದಿನಿಯ ಕಡೆ ಕೈ ತೋರಿಸಿ, "ಇವಳ ಜೊತೆ ಇರೋಕೆ ಯಾರಾದ್ರೂ ಇಚ್ಛೆಯಿಂದ ಹೋಗ್ತಾರಾ?" ಎಂದರು. ಇವರು ಆ ಉತ್ತರವನ್ನು ಯಾವ ಕಾಲಮ್ಮಿಗೆ ಹಾಕುವುದು ಎಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದರು.

ಅಲ್ಲಿ ಎಲ್ಲ ಸರಿಹೋಯಿತು ಎಂದೇನಲ್ಲ. ಒಮ್ಮೆ ಪೇಟೆಯಲ್ಲಿ ಬಾಂಬು ಸಿಡಿದು ಮೂರು ದಿನ ಫೋನು ಸಿಗಲಿಲ್ಲ. ಆ ಮೂರು ದಿನವೂ ಮಗಳು ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ಮಾಮಾನ ದನಿ ಬಂತು. ಸಿಹಿನೀರಿನ ಟ್ಯಾಂಕರು ಬರಲಿಲ್ಲ, ಅಂಗಳದ ಹುಡುಗರು ನಿಂಬೆಗಿಡ ಮುರಿದರು, ನಾದಿನಿ ಈಗ ಎಲ್ಲಾ ಕಾಣಿಸುತ್ತಿರುವುದರಿಂದ ಎಲ್ಲದಕ್ಕೂ ಬಾಯಿ ಹಾಕುತ್ತಾಳೆ ಎಂದು ದೂರು. ಬಾಂಬಿನ ವಿಷಯ ಒಂದು ಮಾತೂ ಇರಲಿಲ್ಲ.

ಕಳೆದ ವಾರ ಮನೆಗೆ ಪರದೆ ಕೊಳ್ಳುವ ನೆಪದಲ್ಲಿ ಈಸ್ಟ್‌ಲೀಗೆ ಹೋಗಿದ್ದೆ. ಮಗಳು ಅಂಗಡಿಯಲ್ಲಿ ನೀಲಿ, ಹಳದಿ ಎರಡು ಥಾನು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ರಜೆಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುತ್ತಾಳಂತೆ. ಚಾವಣಿ ಹಾಕಿಸಿದ ಹೊಸ ಕೋಣೆಯ ಕಿಟಕಿ ಸಮುದ್ರದ ಕಡೆಗಿದೆ, ಅದಕ್ಕೆ ಪರದೆ.

"ಯಾವುದು ಚೆನ್ನಾಗಿದೆ ಡಾಕ್ಟರ್?"

"ನೀಲಿ. ಆದ್ರೆ ಅಲ್ಲಿಯ ಬಿಸಿಲಿಗೆ ಬಣ್ಣ ಹೋಗಲ್ವಾ?"

ಅವಳು ಕತ್ತರಿ ತೆಗೆದುಕೊಂಡು ನೀಲಿ ಬಟ್ಟೆಯನ್ನು ಅಳೆದಳು. "ಹೋಗ್ಲಿ ಬಿಡಿ," ಎಂದಳು. "ಅದರ ಮುಂದಿನ ಸಲ ಹಳದಿ ತಗೊಂಡು ಹೋಗ್ತೀನಿ."